ಹಳೆಯ ಕೈಗರಗಸ: ಬಿಲ್ಲೆಯಲ್ಲಿ ಹದ್ದು ಇದೆ, ತಯಾರಿಸಿದವರು ಯಾರು?

ಪ್ರಶ್ನೆ:

ನಮಸ್ಕಾರ. ನಾನು ಪೆನ್ಸಿಲ್ವೇನಿಯಾದಲ್ಲಿದ್ದೇನೆ. ಇಲ್ಲಿ ಒಂದು ಗ್ಯಾರೇಜ್ ಸೇಲ್‌ನಲ್ಲಿ ಹಳೆಯ ಗರಗಸ ಸಿಕ್ಕಿತು. ಬ್ಲೇಡ್ 26 ಇಂಚು. ಕಪ್ಪಗೆ ತುಕ್ಕು ಹಿಡಿದಿದೆ, ಬರಹ ಏನೂ ಕಾಣುವುದಿಲ್ಲ. ಹಿಡಿಯಲ್ಲಿ ಹಿತ್ತಾಳೆ ಬಿಲ್ಲೆ ಇದೆ. ಅದರ ಮಧ್ಯೆ ಹದ್ದು, ಸುತ್ತ ‘ವಾರಂಟೆಡ್ ಸುಪೀರಿಯರ್’ ಎಂಬ ಅಕ್ಷರ. ಈ ಕಂಪನಿ ಎಲ್ಲಿತ್ತು?

ಬ್ಲೇಡಿನ ಬೆನ್ನು ನೇರವಾಗಿಲ್ಲ, ಸ್ವಲ್ಪ ಒಳಕ್ಕೆ ಬಾಗಿದೆ. ಸವೆದು ಹಾಗಾಗಿದೆಯಾ? ಇನ್ನೊಂದು ವಿಷಯ, ಹಿಡಿಯ ಹತ್ತಿರ ಹಲ್ಲಿನ ಮೇಲೆ ‘8’ ಎಂದು ಒತ್ತಿದ್ದಾರೆ. ಎಣಿಸಿದರೆ ಇಂಚಿಗೆ ಏಳೇ ಹಲ್ಲು. ಯಾರೋ ಹೊಸ ಹಲ್ಲು ಕೊಯ್ದಿದ್ದಾರೆ ಅನಿಸುತ್ತದೆ. ಡ್ರಿಲ್‌ಗೆ ವೈರ್ ಬ್ರಷ್ ಹಾಕಿ ತುಕ್ಕು ತೆಗೆಯಲಾ?

ಉತ್ತರ:

ವೈರ್ ಬ್ರಷ್ ಮಾತ್ರ ಬೇಡ, ದಯವಿಟ್ಟು. ತಯಾರಕರ ಹೆಸರನ್ನು ಬ್ಲೇಡಿನ ಮೇಲೆ ಆಸಿಡ್‌ನಿಂದ ತೆಳುವಾಗಿ ಕೊರೆದಿರುತ್ತಾರೆ. ಬ್ರಷ್ ತಿರುಗಿದರೆ ತುಕ್ಕಿನ ಜೊತೆ ಹೆಸರೂ ಹೋಗುತ್ತದೆ.

‘ವಾರಂಟೆಡ್ ಸುಪೀರಿಯರ್’ ಕಂಪನಿಯ ಹೆಸರಲ್ಲ. ಒಳ್ಳೆಯ ಮಾಲು ಅನ್ನುವ ಭರವಸೆಯ ಮಾತು, ಅಷ್ಟೇ. ಅಮೆರಿಕದ ಎಷ್ಟೋ ಕಾರ್ಖಾನೆಗಳು ಕಡಿಮೆ ಬೆಲೆಯ ಗರಗಸಕ್ಕೂ, ಹಾರ್ಡ್‌ವೇರ್ ಅಂಗಡಿಗಳ ಸ್ವಂತ ಹೆಸರಿನ ಗರಗಸಕ್ಕೂ ಇದೇ ಬಿಲ್ಲೆ ಹಾಕುತ್ತಿದ್ದವು. ಜೊತೆಗೆ ಬಿಲ್ಲೆ ಅಂದರೆ ಹಿಡಿಯನ್ನು ಬಿಗಿಯುವ ಒಂದು ಸ್ಕ್ರೂವಿನ ತಲೆ, ಬಿಚ್ಚಿ ಹಾಕುವ ವಸ್ತು. ಅದೊಂದನ್ನೇ ನಂಬಿ ತಯಾರಕರ ಹೆಸರು ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಹಲ್ಲಿನ ಬಗ್ಗೆ ಚಿಂತೆ ಬೇಡ. ಆ 8 ಹಲ್ಲಿನ ಲೆಕ್ಕವಲ್ಲ, ಮೊನೆಗಳ ಲೆಕ್ಕ. ಸ್ಕೇಲಿನ ಸೊನ್ನೆಯನ್ನು ಒಂದು ಮೊನೆಗೆ ಹಿಡಿದು, ಒಂದು ಇಂಚಿನ ಕೊನೆಯಲ್ಲಿರುವ ಮೊನೆಯನ್ನೂ ಸೇರಿಸಿ ಎಣಿಸಿ. ಎಂಟು ಬರುತ್ತದೆ. ಪೂರ್ತಿ ಹಲ್ಲು ಏಳೇ.

ಬೆನ್ನು ಬಾಗಿರುವುದು ಸವೆತವಲ್ಲ. ಫಿಲಡೆಲ್ಫಿಯಾದ ಹೆನ್ರಿ ಡಿಸ್ಟನ್ ಕಂಪನಿ 1874ರಲ್ಲಿ ಡಿ-8 ಎಂಬ ಮಾದರಿ ತಂದಿತು. ಬೆನ್ನಿಗೆ ಹೀಗೇ ಬಾಗು ಕೊಟ್ಟು ಬ್ಲೇಡ್ ಹಗುರ ಮಾಡಿದ್ದರು. ಆಮೇಲೆ ಬೇರೆಯವರೂ ಇದನ್ನು ಅನುಸರಿಸಿದರು. ಹಾಗಾಗಿ ಬಾಗು ನೋಡಿ ಡಿಸ್ಟನ್ ಎಂದು ತೀರ್ಮಾನಿಸಲಾಗದು.

ಹಿಡಿಯ ಮೇಲ್ತುದಿ ನೋಡಿ. ಬ್ಲೇಡ್ ಕೂರುವ ಸೀಳು ಮೇಲಿನವರೆಗೂ ತೆರೆದಿದೆಯಾ, ಅಥವಾ ಮರ ಬ್ಲೇಡಿನ ಮೂಲೆಯನ್ನು ಮುಚ್ಚಿಕೊಂಡಿದೆಯಾ? ಮುಚ್ಚಿದ್ದರೆ ಡಿ-8 ಕಡೆಗೆ ಒಂದು ಹೆಜ್ಜೆ. ಆದರೆ ಅಂಥ ಹಿಡಿಯನ್ನು ನೇರವಾಗಿ ಹಿಂದಕ್ಕೆ ಎಳೆಯಬಾರದು, ಮರ ಸೀಳುತ್ತದೆ. ಸ್ಕ್ರೂಗಳನ್ನೆಲ್ಲ ಬಿಚ್ಚಿ, ಬಾಗಿಲು ತೆರೆಯುವ ಹಾಗೆ ಹಿಡಿಯನ್ನು ನಿಧಾನವಾಗಿ ತಿರುಗಿಸಿ ಹೊರತನ್ನಿ. ಹಳೆಯ ಹಿತ್ತಾಳೆ ಮೆದು. ಸ್ಕ್ರೂಡ್ರೈವರಿನ ತುದಿ ಸ್ಕ್ರೂ ತಲೆಯ ಸೀಳಿನಲ್ಲಿ ತುಂಬಿ ಕೂರಲಿ, ಇಲ್ಲದಿದ್ದರೆ ತಲೆ ಹಾಳಾಗುತ್ತದೆ. ಹಿಡಿ ಬಂದ ಮೇಲೆ ಬ್ಲೇಡಿನಲ್ಲಿ ಜಾಸ್ತಿ ತೂತುಗಳಿವೆಯಾ ನೋಡಿ. ಇದ್ದರೆ ಹಿಡಿ ಬೇರೆ ಗರಗಸದ್ದಿರಬಹುದು.

ಹೆಸರು ಹುಡುಕುವುದು ಹೀಗೆ. ಬಿಲ್ಲೆ ಇರುವ ಬದಿಯಲ್ಲಿ, ಬ್ಲೇಡಿನ ನಡುಭಾಗದಲ್ಲಿ ಕೆಲಸ ಮಾಡಿ. ಚಪ್ಪಟೆ ಮರದ ತುಂಡಿಗೆ 400 ನಂಬರಿನ ಉಪ್ಪುಕಾಗದ ಸುತ್ತಿ, ಸೀಮೆಎಣ್ಣೆ ಹಾಕಿ ಉದ್ದಕ್ಕೆ ಉಜ್ಜಿ. ಬೆರಳಿನಿಂದ ಒತ್ತಬೇಡಿ. ಬೆರಳು ತಗ್ಗಿಗೂ ಇಳಿಯುತ್ತದೆ, ಮರದ ತುಂಡು ಇಳಿಯುವುದಿಲ್ಲ. ಲೋಹ ಸ್ವಲ್ಪ ಬೆಳ್ಳಗಾದ ಕೂಡಲೇ ನಿಲ್ಲಿಸಿ. ಎಣ್ಣೆ ಒರೆಸಿ, ಬಂದೂಕಿಗೆ ಹಚ್ಚುವ ಗನ್ ಬ್ಲೂ ಹಚ್ಚಿ. ಬ್ಲೇಡ್ ಕಪ್ಪಾಗುತ್ತದೆ. ಮತ್ತೆ ಹಗುರವಾಗಿ ಉಜ್ಜಿದರೆ ಮೇಲ್ಮೈ ಬೆಳ್ಳಗಾಗಿ, ತಗ್ಗಿನಲ್ಲಿ ಕೊರೆದ ಅಕ್ಷರ ಕಪ್ಪಾಗಿ ಉಳಿಯುತ್ತದೆ.

ಪ್ರಶ್ನೆ ಕೇಳಿದವರು:

ಹೇಳಿದ ಹಾಗೇ ಮಾಡಿದೆ ಸರ್. ಸೀಳು ಮುಚ್ಚಿದೆ, ಹಿಡಿ ತಿರುಗಿಸಿದ ಮೇಲೆ ಹೊರಬಂತು. ಜಾಸ್ತಿ ತೂತುಗಳಿಲ್ಲ. ಎಲ್ಲ ಸ್ಕ್ರೂಗಳ ತಲೆ ಉಬ್ಬಿಕೊಂಡಿದೆ, ತಮ್ಮ ಗುಂಡಿಯಲ್ಲಿ ಬಿಗಿಯಾಗಿ ಕೂತಿವೆ. ಹದ್ದಿನ ಬಿಲ್ಲೆ ಮಾತ್ರ ಚಿಕ್ಕದು, ಸುತ್ತ ಸಂದು ಬಿಟ್ಟು ಅಲುಗುತ್ತದೆ. ಬ್ಲೇಡಿನಲ್ಲಿ ‘ಡಿಸ್ಟನ್’, ‘ಫಿಲಡೆಲ್ಫಿಯಾ’, ದೊಡ್ಡದಾಗಿ ‘ಡಿ 8’ ಎದ್ದು ಬಂತು! ತುಂಬ ಖುಷಿಯಾಯಿತು.

ಉತ್ತರ:

ಬಹಳ ಒಳ್ಳೆಯ ಸುದ್ದಿ. ಬ್ಲೇಡ್, ಹಿಡಿ ಎರಡೂ ಡಿ-8ರದ್ದೇ. ಬಿಲ್ಲೆ ಕಳೆದುಹೋದಾಗ ಯಾರೋ ಕೈಗೆ ಸಿಕ್ಕಿದ್ದನ್ನು ಹಾಕಿದ್ದಾರೆ. ಮೊನೆ ಎಂಟು. ಅಂದರೆ ಮರವನ್ನು ಅಡ್ಡ ಕೊಯ್ಯುವ ಗರಗಸವಾಗಿಯೇ ಹುಟ್ಟಿದ್ದಿರಬೇಕು. ಈಗಿನ ಹಲ್ಲೂ ಹಾಗೇ ಇದೆಯಾ ಅಂತ ಹತ್ತಿರದಿಂದ ನೋಡಿ. ಒಂದರ ಪಕ್ಕ ಒಂದು ಹಲ್ಲಿಗೆ ಎದುರುಬದುರು ಓರೆಯಾಗಿ ಅರ ಹಾಕಿ, ತುದಿ ಚಾಕುವಿನಂತೆ ಚೂಪಾಗಿರಬೇಕು. ತುದಿ ಉಳಿಯ ಬಾಯಿಯಂತೆ ಚಪ್ಪಟೆಯಾಗಿದ್ದರೆ ಯಾರೋ ಉದ್ದಕ್ಕೆ ಸೀಳಲು ಬದಲಾಯಿಸಿದ್ದಾರೆ.

ಇಸವಿಗೆ ನಿಜವಾದ ಬಿಲ್ಲೆ ಬೇಕಿತ್ತು. ಹಳೆಯ ಬಿಲ್ಲೆಗಳಲ್ಲಿ ‘ಡಿಸ್ಟನ್ ಆಂಡ್ ಸನ್ಸ್’ ಎಂದಿದ್ದದ್ದು 1917ರ ಸುಮಾರಿಗೆ ಬದಲಾಗಿ ‘ಸನ್ಸ್’ ಬಿಟ್ಟುಹೋಯಿತು. ಈಗ ಉಳಿದಿರುವ ಸಾಕ್ಷಿ ಸ್ಕ್ರೂ ಮಾತ್ರ. ಡಿಸ್ಟನ್ ಬಳಸಿದ ಈ ಉಬ್ಬು ತಲೆಯ ಸ್ಕ್ರೂಗೆ ಪೇಟೆಂಟ್ ಸಿಕ್ಕಿದ್ದು 1887ರಲ್ಲಿ. ಅವು ಮೂಲದವೇ ಆಗಿದ್ದರೆ ಗರಗಸ ಆಮೇಲಿನದು.

ಸರಿಯಾದ ಅಳತೆಯ ಡಿಸ್ಟನ್ ಬಿಲ್ಲೆ ಹುಡುಕಿ ಹಾಕಿ, ಹಿಡಿ ಬಿಗಿಯಾಗುತ್ತದೆ. ಆದರೆ ಅದನ್ನು ನೋಡಿ ಇಸವಿ ಹೇಳಬೇಡಿ. ಹದ್ದಿನ ಬಿಲ್ಲೆಯನ್ನು ಒಂದು ಚೀಟಿ ಬರೆದು ಜೊತೆಗೇ ಇಡಿ.