ಆರ್ಕಿಟೈಪ್‌ನಿಂದ ಹೊಸ ಜಾವಾ ವೆಬ್ ಪ್ರಾಜೆಕ್ಟ್: ಮಾಡಿ ನೋಡಿದವರು ತಿಳಿಸಿ

ಕಾಪುವಿನಿಂದ: ಇಲ್ಲಿಯ ಸಹಕಾರಿ ಸಂಘವೊಂದಕ್ಕೆ ಸದಸ್ಯರ ಠೇವಣಿ ಲೆಕ್ಕ ತೋರಿಸುವ ಸಣ್ಣ ಅಪ್ಲಿಕೇಶನ್ ಬೇಕಾಗಿದೆ. ಜಾವಾ ಪ್ರಾಜೆಕ್ಟ್ ಕಟ್ಟುವ ಉಪಕರಣ ಮೇವನ್‌ನ ವೆಬ್‌ಆ್ಯಪ್ ಆರ್ಕಿಟೈಪ್ ಎಂಬ ಸಿದ್ಧ ಅಚ್ಚಿನಿಂದ ತೊಡಗಲೋ, ಸ್ಪ್ರಿಂಗ್ ಬೂಟ್ ಎಂಬ ಫ್ರೇಮ್‌ವರ್ಕ್‌ನಿಂದಲೋ?

ಸುರತ್ಕಲ್‌ನಿಂದ: ಆರ್ಕಿಟೈಪನ್ನು ನಂಬಿ ಕೆಟ್ಟವನು ನಾನು. ಕಳೆದ ಆಟಿ ತಿಂಗಳಲ್ಲಿ ಅದರ 1.4ನೇ ಆವೃತ್ತಿಯನ್ನು ಬಳಸಿದೆ; ಪಾಮ್ ಎಂಬ ಮೇವನ್ ಸೆಟ್ಟಿಂಗ್ ಕಡತದಲ್ಲಿದ್ದ 1.7 (ಅಂದರೆ ಜಾವಾ 7) ಎಂಬ ಕಂಪೈಲರ್ ಗುರಿಯನ್ನು ನನ್ನ ಜಾವಾ ಕಿಟ್ ಜೆಡಿಕೆ 21 ಒಪ್ಪಲೇ ಇಲ್ಲ. ಅದು ಅರ್ಧ ಗಂಟೆಯ ಕೆಲಸ. ಆದರೆ ಜೆಎಸ್‌ಪಿ (ಸರ್ವರ್‌ನಲ್ಲಿ ಜಾವಾ ತುಂಬಿಕೊಡುವ ವೆಬ್) ಪುಟದಲ್ಲಿ ಹೆಸರು ಬರಬೇಕಾದಲ್ಲಿ ಡಾಲರ್ ಚಿಹ್ನೆಯ ಸಮೇತ ನಾನು ಬರೆದ ಎಕ್ಸ್‌ಪ್ರೆಶನ್ನೇ ಮೂಡತೊಡಗಿತು. ಒಂದೂವರೆ ದಿನ ಡೇಟಾಬೇಸನ್ನು ಶಪಿಸಿದ ಮೇಲೆ ತಿಳಿದದ್ದೇನೆಂದರೆ, ಆರ್ಕಿಟೈಪ್ ಕೊಡುವ ವೆಬ್ ಎಕ್ಸ್‌ಎಂಎಲ್ ಎಂಬ ಸೆಟ್ಟಿಂಗ್ ಕಡತ 2001ರ ಸರ್ವ್ಲೆಟ್ 2.3 ಎಂಬ ಜಾವಾ ವೆಬ್ ಮಾನದಂಡದ ಕಾಲದ್ದು, ಅದಿರುವಾಗ ಎಕ್ಸ್‌ಪ್ರೆಶನ್‌ಗಳಿಗೆ ಬೆಲೆಯೇ ಇಲ್ಲ. ಅದನ್ನು ಸರಿಪಡಿಸಿದರೆ ಪುಟವೇ ಇಲ್ಲವೆಂಬ 404: ನನ್ನ ಕೋಡ್ ಜಾವಾಎಕ್ಸ್ ಎಂಬ ಹಳೆಯ ಹೆಸರಿನ ಪ್ಯಾಕೇಜನ್ನು ಕರೆಯುತ್ತಿತ್ತು, ಅಪ್ಲಿಕೇಶನ್ ಓಡಿಸುವ ಸರ್ವರ್ ಟಾಮ್‌ಕ್ಯಾಟ್ 10 ಅದರ ಹೊಸ ಹೆಸರಾದ ಜಕಾರ್ತಾವನ್ನಷ್ಟೇ ಬಲ್ಲದು, ಲಾಗ್‌ನಲ್ಲಿ ಒಂದಕ್ಷರದ ದೂರೂ ಇರಲಿಲ್ಲ. ನಾಲ್ಕು ಹಗಲು ಹೋಯಿತು, ಕರೆಂಟು ಹೋದಾಗಲೆಲ್ಲ ಮೊಬೈಲ್‌ನಲ್ಲಿ ಡಿಪೆಂಡೆನ್ಸಿ (ಬೇಕಾದ ಲೈಬ್ರರಿ) ಇಳಿಸಿ ಎರಡು ರೀಚಾರ್ಜೂ ಹೋಯಿತು.

ಮಣಿಪಾಲದಿಂದ: ಇಷ್ಟೆಲ್ಲ ಬೇಕಿತ್ತೇ? ನಾನು ಸ್ಪ್ರಿಂಗ್ ಇನಿಷಿಯಲೈಜರ್ ಎಂಬ ತಾಣದಿಂದ ಬೂಟ್ ಪ್ರಾಜೆಕ್ಟ್‌ನ ಜಿಪ್ ಇಳಿಸಿದೆ, ಟಾಮ್‌ಕ್ಯಾಟ್ ಅದರೊಳಗೇ ಇತ್ತು, ಅಂದೇ ಸಂಜೆ ಲಾಗಿನ್ ಪುಟ ತೋರಿಸಿದೆ. ನನಗೆ ತೊಡಕಾದದ್ದು ಒಂದೇ: ಬೂಟ್ 3ಕ್ಕೆ ಕನಿಷ್ಠ ಜಾವಾ 17 ಬೇಕು, ಗಿರಾಕಿಯ ಸರ್ವರ್‌ನಲ್ಲಿ ಜಾವಾ 8 ಇತ್ತು; ಬದಲಿಸಲು ಅನುಮತಿ ದೊರೆಯುವಾಗ ಎರಡು ತಿಂಗಳಾಯಿತು.

ಸುರತ್ಕಲ್‌ನಿಂದ: ಎರಡು ತಿಂಗಳು ಕೈಕಟ್ಟಿ ಕುಳಿತವರು ನನ್ನ ನಾಲ್ಕು ದಿನಕ್ಕೆ ನಗುತ್ತಾರೆ. ಭೇಷ್.

ಮಣಿಪಾಲದಿಂದ: ಕೈಕಟ್ಟಿ ಕುಳಿತಿರಲಿಲ್ಲ, ಆ ಅವಧಿಯಲ್ಲಿ ವರದಿಗಳನ್ನೆಲ್ಲ ಬರೆದು ಮುಗಿಸಿದೆ. ಹುಟ್ಟಿದ ಕಡತವನ್ನು ತೆರೆದು ಓದದಿದ್ದುದು ಆರ್ಕಿಟೈಪ್‌ನ ತಪ್ಪಲ್ಲ.

ಕದ್ರಿಯಿಂದ: ಜಗಳವಾಡುವವರು ಟಾಮ್‌ಕ್ಯಾಟ್ 9 ಎಂಬುದೊಂದು ಇದೆ ಎಂಬುದನ್ನೇ ಮರೆತಿದ್ದೀರಿ. ಅದು ಜಾವಾ 8ರಲ್ಲಿ ಓಡುತ್ತದೆ, ಜಾವಾಎಕ್ಸನ್ನೂ ಒಪ್ಪುತ್ತದೆ. ನಾನು ಇಂದಿಗೂ ಅದನ್ನೇ ಇಟ್ಟುಕೊಂಡಿದ್ದೇನೆ, ನಾಚಿಕೆಯೇನಿಲ್ಲ. 10ಕ್ಕೇ ಹೋಗಬೇಕಾದವರು ಹಳೆಯ ವಾರ್ ಕಡತವನ್ನು (ಕಟ್ಟಿದ ಅಪ್ಲಿಕೇಶನ್) ವೆಬ್‌ಆ್ಯಪ್ಸ್-ಜಾವಾಇಇ ಎಂಬ ಫೋಲ್ಡರ್‌ನಲ್ಲಿಟ್ಟರೆ ಟಾಮ್‌ಕ್ಯಾಟ್ ತಾನೇ ಪರಿವರ್ತಿಸಿಕೊಳ್ಳುತ್ತದೆ.

ಸುರತ್ಕಲ್‌ನಿಂದ: ಅದು ಹಳೆಯ ಅಪ್ಲಿಕೇಶನ್ ಸಾಗಿಸುವವರಿಗೆ. ಹೊಸದಾಗಿ ಬರೆಯುವವನು ಮೊದಲ ದಿನವೇ ಹಳೆಯ ಪ್ಯಾಕೇಜಿನಲ್ಲಿ ಬರೆದು ಪರಿವರ್ತಿಸುವುದು ಯಾವ ನ್ಯಾಯ?

ಕದ್ರಿಯಿಂದ: ನೀವು ಬರೆದದ್ದೂ ಹಳೆಯ ಪ್ಯಾಕೇಜಿನಲ್ಲೇ ಅಲ್ಲವೇ?

ಕಾಪುವಿನಿಂದ: ಸಂಘಕ್ಕೆ ಹೋಗಿ ನೋಡಿ ಬಂದೆ. ಅಲ್ಲಿಯೂ ಜಾವಾ 8.