ಡಿಎಲ್‌ಎಲ್ ಫೈಲು ‘ಕಾಣೆಯಾಗಿದೆ’ಯೋ, ‘ಸಿಗಲಿಲ್ಲ’ವೋ?

‘ವಿಸಿರನ್‌ಟೈಮ್140.ಡಿಎಲ್‌ಎಲ್’ ಎಂಬ ಡಿಎಲ್‌ಎಲ್ (ಡೈನಾಮಿಕ್ ಲಿಂಕ್ ಲೈಬ್ರರಿ, ಅಂದರೆ ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಫೈಲು) ಇಲ್ಲವೆಂದು ವಿಂಡೋಸ್ ತೋರಿಸುವ ಸಂದೇಶವನ್ನು ‘ಗ್ರಂಥಾಲಯ ಕಡತ ಕಾಣೆಯಾಗಿದೆ’ ಎಂದು ಕನ್ನಡಿಸುವುದು ಸರಿಯೇ? ‘ಕಡತ’ಕ್ಕೆ ನನ್ನ ತಕರಾರಿಲ್ಲ. ಉಳಿದೆರಡು ಪದ ದಾರಿ ತಪ್ಪಿಸುತ್ತವೆ.

ಮೊದಲು ಇದ್ದದ್ದು ಮಾತ್ರ ಕಾಣೆಯಾಗುತ್ತದೆ. ಕಟ್ಟಿದ್ದ ದನ ಕಾಣೆಯಾಯಿತು ಅನ್ನುತ್ತೇವೆ. ಅಂಗಡಿಯಿಂದ ತರದೇ ಇದ್ದ ಬೆಲ್ಲ ಕಾಣೆಯಾಯಿತು ಅನ್ನುವುದಿಲ್ಲ. ಈ ಫೈಲಿನದು ಹೆಚ್ಚಾಗಿ ಬೆಲ್ಲದ ಕತೆ. ಅದು ವಿಂಡೋಸ್‌ನ ಭಾಗವಲ್ಲ, ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ (ಪ್ರೋಗ್ರಾಮುಗಳಿಗೆ ಬೇಕಾದ ಇಂಥ ಫೈಲುಗಳ ಮೈಕ್ರೋಸಾಫ್ಟ್ ಕಟ್ಟು) ಹಾಕಿದಾಗ ಬರುವಂಥದ್ದು. ವಿಂಡೋಸ್ ಮೊದಲು ಪ್ರೋಗ್ರಾಮಿನ ಫೋಲ್ಡರ್, ಆಮೇಲೆ ಸಿಸ್ಟಂ32 ಎಂಬ ವಿಂಡೋಸ್‌ನ ಫೋಲ್ಡರ್, ಕೊನೆಗೆ ‘ಪಾತ್’ ಎಂಬ ಪಟ್ಟಿಯಲ್ಲಿರುವ ಫೋಲ್ಡರ್‌ಗಳನ್ನು ಹುಡುಕಿ ಕೈಬಿಡುತ್ತದೆ. ವಿಂಡೋಸ್ 7ರಲ್ಲಿ ‘ಈಸ್ ಮಿಸ್ಸಿಂಗ್’ ಎಂದಿದ್ದ ಸಂದೇಶ ವಿಂಡೋಸ್ 10ರಲ್ಲಿ ‘ವಾಸ್ ನಾಟ್ ಫೌಂಡ್’ ಆಗಿದೆ. ಕನ್ನಡದಲ್ಲೂ ‘ಸಿಗಲಿಲ್ಲ’ ಎನ್ನುವುದೇ ನಿಜಕ್ಕೆ ಹತ್ತಿರ.

‘ಕಾಣೆ’ ಎಂದು ಓದಿದವರು ಆ ಒಂದು ಫೈಲನ್ನೇ ಯಾವುದೋ ಜಾಲತಾಣದಿಂದ ಇಳಿಸಿ ಸಿಸ್ಟಂ32ಗೆ ಹಾಕುತ್ತಾರೆ. ಅದರಲ್ಲಿ ಮಾಲ್‌ವೇರ್ ಇರಬಹುದು. 64 ಬಿಟ್ ಪ್ರೋಗ್ರಾಮಿಗೆ 32 ಬಿಟ್ ಫೈಲು ಸಿಕ್ಕರೆ ‘0ಎಕ್ಸ್‌ಸಿ000007ಬಿ’ ಎಂಬ ಹೊಸ ದೋಷ ಬರುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಂ32 ಇರುವುದು 64 ಬಿಟ್ ಫೈಲುಗಳಿಗೆ. 32 ಬಿಟ್‌ನವು ಸಿಸ್‌ವಾವ್64ರಲ್ಲಿರುತ್ತವೆ. ಹೆಸರೇ ಉಲ್ಟಾ, ಹಾಗಾಗಿ ಈ ಫೋಲ್ಡರ್ ಹೆಸರುಗಳನ್ನು ಅನುವಾದಿಸಲು ಹೋಗಲೇಬಾರದು.

‘ಸಿಗಲಿಲ್ಲ’ ಎಂದಾಗ ಮಾಡಬೇಕಾದ್ದು: ಮೈಕ್ರೋಸಾಫ್ಟ್ ತಾಣದಿಂದಲೇ ರೀಡಿಸ್ಟ್ರಿಬ್ಯೂಟಬಲ್ ಇಳಿಸಿ, 64 ಬಿಟ್ ವಿಂಡೋಸ್ ಆದರೆ ಎಕ್ಸ್86 (32 ಬಿಟ್) ಮತ್ತು ಎಕ್ಸ್64 (64 ಬಿಟ್) ಎರಡನ್ನೂ ಹಾಕಿ, ಕಂಪ್ಯೂಟರನ್ನು ಮರುಚಾಲೂ ಮಾಡುವುದು. ಮತ್ತೂ ಬಂದರೆ ಆ ಪ್ರೋಗ್ರಾಮನ್ನೇ ತೆಗೆದು ಹೊಸದಾಗಿ ಹಾಕುವುದು.

ವಿಂಡೋಸ್‌ನದೇ ಫೈಲು ಅಳಿದಿದ್ದರೆ ಮಾತ್ರ ‘ಕಾಣೆಯಾಗಿದೆ’ ಒಪ್ಪುತ್ತದೆ. ಆಗ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ಮೊದಲು ‘ಡಿಸ್ಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ರೀಸ್ಟೋರ್‌ಹೆಲ್ತ್’ (DISM /Online /Cleanup-Image /RestoreHealth), ಅದು ಮುಗಿದ ಮೇಲೆ ‘ಎಸ್‌ಎಫ್‌ಸಿ /ಸ್ಕ್ಯಾನ್‌ನೌ’ (sfc /scannow) ಎಂಬ ಆದೇಶ ಕೊಡಬೇಕು. ಓರೆಗೆರೆಯ ಮುಂಚೆ ಜಾಗ ಬಿಡಬೇಕು. ಎಸ್‌ಎಫ್‌ಸಿ ಒಳ್ಳೆಯ ಪ್ರತಿ ತರುವುದು ವಿಂಡೋಸ್‌ನ ಒಳದಾಸ್ತಾನಿನಿಂದ. ಆ ದಾಸ್ತಾನನ್ನೇ ರಿಪೇರಿ ಮಾಡುವುದು ಡಿಸ್ಮ್. ಅದಕ್ಕೇ ಈ ಕ್ರಮ. ವಿಸಿರನ್‌ಟೈಮ್‌ನಂಥ ಹೊರಗಿನ ಫೈಲನ್ನು ಎಸ್‌ಎಫ್‌ಸಿ ತಂದುಕೊಡುವುದಿಲ್ಲ.

ಇನ್ನು ‘ಗ್ರಂಥಾಲಯ’. ಇಲ್ಲಿ ಓದಲು ಪುಸ್ತಕವಿಲ್ಲ. ಹಲವು ಪ್ರೋಗ್ರಾಮುಗಳು ಒಂದೇ ಕಡೆಯಿಂದ ಬೇಕಾದ್ದನ್ನು ಎತ್ತಿಕೊಳ್ಳುತ್ತವೆ. ಮದುವೆಮನೆಯ ಉಗ್ರಾಣದಂತೆ. ‘ಉಗ್ರಾಣ’ ನನಗೆ ಹಿಡಿಸಿದೆ, ಆದರೆ ರೆಪಾಸಿಟರಿಗೂ (ಪ್ರೋಗ್ರಾಮುಗಳ ಕೋಡ್ ಕೂಡಿಡುವ ಜಾಗ) ಅದನ್ನೇ ಬಳಸಿದರೆ ಗೊಂದಲವಾದೀತು. ಹಾಗಾಗಿ ಸದ್ಯಕ್ಕೆ ‘ಲೈಬ್ರರಿ’ ಎಂದೇ ಬರೆಯುತ್ತಿದ್ದೇನೆ. ‘ಡೈನಾಮಿಕ್ ಲಿಂಕ್’ ಅಂದರೆ ಪ್ರೋಗ್ರಾಂ ಓಡುವಾಗ ಬಂದು ಕೂಡಿಕೊಳ್ಳುವುದು. ‘ಚಲನಶೀಲ ಕೊಂಡಿ’ಯಲ್ಲಿ ಆ ಅರ್ಥ ಇಲ್ಲ. ಬಲ್ಲವರು ಏನು ಬಳಸುತ್ತಿದ್ದೀರಿ, ದಯವಿಟ್ಟು ತಿಳಿಸಿ.