ಸುಂಟಿಕೊಪ್ಪ ಕಡೆ ಬೋರ್‌ವೆಲ್ ನೀರು: ಸಾಫ್ಟ್‌ನರ್ ಹಾಕಿಸಬೇಕಾ?

ತೋಟದಮನೆ (ಪ್ರಶ್ನೆ)

ನಮ್ಮದು ಕೊಡಗಿನ ಸುಂಟಿಕೊಪ್ಪದಿಂದ ಒಳಗೆ, ತೋಟದ ಮಧ್ಯದ ಮನೆ. ಹಳೆ ಬಾವಿ ಏಪ್ರಿಲ್‌ನಲ್ಲಿ ತಳ ಕಾಣುತ್ತದೆ ಅಂತ ಬೋರ್ ಕೊರೆಸಿದೆವು. ನೀರೇನೋ ಧಾರಾಳ ಬಂತು. ಬಕೆಟ್‌ಗೆ ಹಿಡಿಯುವಾಗ ತಿಳಿಯಾಗಿರುತ್ತದೆ. ಸ್ವಲ್ಪ ಹೊತ್ತಾದರೆ ಮೇಲೆ ಎಣ್ಣೆಯಂಥ ಪೊರೆ, ಅಡಿಯಲ್ಲಿ ಕೆಂಪು. ಅಪ್ಪನ ಬಿಳಿ ಪಂಚೆಗಳೆಲ್ಲ ಹಳದಿ. ಅನ್ನಕ್ಕೂ ಬಣ್ಣ.

ಮೈಸೂರಿನ ಒಂದು ಕಂಪನಿಯವರು ಮನೆಗೆ ಬಂದು ಎರಡು ಲೋಟದಲ್ಲಿ ಕಂಬಿ ಇಟ್ಟು ಕರೆಂಟ್ ಕೊಟ್ಟು ತೋರಿಸಿದರು. ನಮ್ಮ ಲೋಟ ಕೆಸರಾಯಿತು, ಅವರ ಬಾಟಲಿ ನೀರು ಹಾಗೇ ಇತ್ತು. ಅಮ್ಮ ಈಗ ಆ ನೀರಲ್ಲಿ ಕೈ ತೊಳೆಯೋಕೂ ಹಿಂದೆಮುಂದೆ ನೋಡುತ್ತಾರೆ. ಇಡೀ ಮನೆಗೆ ಸಾಫ್ಟ್‌ನರ್ (ಗಡಸು ನೀರನ್ನು ಮೆದು ಮಾಡುವ ಯಂತ್ರ), ಅಡುಗೆಮನೆಗೆ ಆರ್‌ಒ (ಲವಣವನ್ನೂ ಸೋಸುವ ಫಿಲ್ಟರ್), ಎರಡೂ ಸೇರಿ ಲಕ್ಷದ ಹತ್ತಿರ ಹೇಳಿದ್ದಾರೆ. ಹಾಕಿಸಿದವರು ಯಾರಾದರೂ ಇದ್ದೀರಾ?

ಪಂಪ್‌ಶೆಡ್, ಸಿದ್ದಾಪುರ

ಮೊದಲು ಆ ಕಂಬಿ ಆಟದ ವಿಷಯ ಮುಗಿಸೋಣ. ಅದರಲ್ಲಿ ಒಂದು ಕಂಬಿ ಕಬ್ಬಿಣದ್ದು. ಕರೆಂಟ್ ಹರಿದರೆ ಆ ಕಂಬಿಯೇ ಕರಗಿ ಕೆಸರಾಗುತ್ತದೆ. ಕರೆಂಟ್ ಹರಿಯಲು ನೀರಲ್ಲಿ ಲವಣ ಬೇಕು. ಅವರ ಬಾಟಲಿಯ ಆರ್‌ಒ ನೀರಲ್ಲಿ ಲವಣ ಇಲ್ಲವೆನ್ನುವಷ್ಟು ಕಮ್ಮಿ, ಅದಕ್ಕೇ ಅದು ಸುಮ್ನೆ ಕೂತಿರುತ್ತದೆ. ಮುಂದಿನ ಸಲ ಬಂದರೆ ಅವರ ಬಾಟಲಿ ನೀರಿಗೇ ಒಂದು ಚಿಟಿಕೆ ಉಪ್ಪು ಹಾಕಿ ಕಂಬಿ ಇಡಲು ಹೇಳಿ. ಅಮ್ಮನಿಗೂ ತೋರಿಸಿ, ಪಾಪ.

ತೋಟಗಳಲ್ಲಿ ಪಂಪು, ಫಿಲ್ಟರ್ ನೋಡಿಕೊಂಡೇ ನನ್ನ ಸರ್ವಿಸ್ ಕಳೆದದ್ದು. ನೀವು ಬರೆದದ್ದು ಓದಿದರೆ ಇದು ಗಡಸು ನೀರಲ್ಲ, ಕಬ್ಬಿಣದ ನೀರು. ನೆಲದೊಳಗೆ ಗಾಳಿ ತಾಗದೆ ಕಬ್ಬಿಣ ಕರಗಿಕೊಂಡಿರುತ್ತದೆ, ಅದಕ್ಕೇ ಹಿಡಿಯುವಾಗ ತಿಳಿ. ಗಾಳಿ ತಾಗಿದ ಮೇಲೆ ತುಕ್ಕಾಗಿ ಕೂರುತ್ತದೆ. ಆ ಪೊರೆಯನ್ನು ಕಡ್ಡಿಯಿಂದ ಮುಟ್ಟಿ ನೋಡಿ. ಚೂರು ಚೂರಾಗಿ ಒಡೆದರೆ ಕಬ್ಬಿಣದ್ದು. ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ, ಪಂಪ್ ಎತ್ತಿಸಿ ನೋಡಬೇಕು. ಇನ್ನೊಂದು ಸುಲಭದ ಪರೀಕ್ಷೆ ಇದೆ. ಆ ನೀರಲ್ಲಿ ಹಾಲಿಲ್ಲದ ಟೀ ಮಾಡಿ ಇಡಿ. ಶಾಯಿಯಂತೆ ಕಪ್ಪಾದರೆ ಕಬ್ಬಿಣ ಇದ್ದದ್ದೇ.

ಗಡಸು ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ. ಸೋಪು ನೊರೆ ಬರುವುದಿಲ್ಲ, ಗೀಸರ್ ಕಾಯಿಲ್‌ಗೆ ಬಿಳಿ ಪದರ ಕಟ್ಟುತ್ತದೆ. ನಿಮ್ಮಲ್ಲಿ ಅದಿದೆಯಾ? ನಮ್ಮ ಕಡೆ ಮಳೆ ಜಾಸ್ತಿ ಬೀಳುವ ಜಾಗಗಳಲ್ಲಿ ನೀರು ಸಾಮಾನ್ಯವಾಗಿ ಮೆದುವೇ. ಸಾಫ್ಟ್‌ನರ್ ಒಳಗಿನ ರೆಸಿನ್ (ಸಣ್ಣ ಪ್ಲಾಸ್ಟಿಕ್ ಕಾಳುಗಳು) ಸೋಡಿಯಂ ಕೊಟ್ಟು ಕ್ಯಾಲ್ಸಿಯಂ ಹಿಡಿಯುತ್ತದೆ, ಆಮೇಲೆ ಉಪ್ಪುನೀರಲ್ಲಿ ತೊಳೆದರೆ ಮತ್ತೆ ತಯಾರು. ಕಬ್ಬಿಣ ಹೋಗಿ ಆ ಕಾಳುಗಳ ಮೇಲೆ ಕೂತರೆ ಉಪ್ಪಿಗೆ ಅದು ಬಿಡುವುದಿಲ್ಲ. ರೆಸಿನ್ ಕಂದಾಗುತ್ತದೆ, ಕೆಲಸ ಕಮ್ಮಿಯಾಗುತ್ತದೆ. ಆಮೇಲೆ ಅವರೇ ಬಂದು ರೆಸಿನ್ ಬದಲಾಯಿಸಲು ಇನ್ನೊಂದು ಬಿಲ್ ಕೊಡುತ್ತಾರೆ.

ದುಡ್ಡು ಕೊಡುವ ಮೊದಲು ನೀರು ಪರೀಕ್ಷೆ ಮಾಡಿಸಿ. ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣ) ಮೀಟರ್ ಅದ್ದಿ ನೋಡುವುದಲ್ಲ, ಅದಕ್ಕೆ ಕಬ್ಬಿಣವೂ ಗೊತ್ತಿಲ್ಲ, ಕ್ರಿಮಿಯೂ ಗೊತ್ತಿಲ್ಲ. ಜಲ ಜೀವನ್ ಮಿಷನ್‌ನಲ್ಲಿ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಮೇಲ್ನೋಟಕ್ಕೆ ಅದು ಸಾಕು. ಸರಿಯಾದ ಅಂಕಿ ಬೇಕಾದರೆ ಪ್ರಯೋಗಾಲಯಕ್ಕೇ ಕೊಡಿ. ಪಿಎಚ್ (ನೀರಿನ ಹುಳಿಯ ಅಳತೆ), ಗಡಸುತನ, ಕಬ್ಬಿಣ, ಟಿಡಿಎಸ್, ನೈಟ್ರೇಟ್, ಇ-ಕೋಲೈ (ಮಲದಿಂದ ಬರುವ ಕ್ರಿಮಿ) ಇಷ್ಟು ಕೇಳಿ. ಕಬ್ಬಿಣಕ್ಕೂ ಕ್ರಿಮಿಗೂ ಬಾಟಲಿ ಬೇರೆ ಬೇರೆ, ಅವರಿಂದಲೇ ಕೇಳಿ ತನ್ನಿ. ಹಳೆ ಪೆಪ್ಸಿ ಬಾಟಲಿಯಲ್ಲಿ ತೆಗೆದುಕೊಂಡು ಹೋಗಬೇಡಿ. ಹಳೆ ಬಾವಿಯದ್ದನ್ನೂ ಮಾಡಿಸಿ.

ಕುಶಾಲನಗರದವ

ಸಾಫ್ಟ್‌ನರ್ ಅಂದರೆ ಮೋಸ ಅಂತ ಯಾರೂ ತಿಳಿಯಬೇಡಿ. ನಮ್ಮ ಬಡಾವಣೆ ಬೋರ್‌ನಲ್ಲಿ ಗಡಸುತನ ಲೀಟರ್‌ಗೆ 350 ಮಿಲಿಗ್ರಾಂ, ಕಬ್ಬಿಣ ಹೆಸರಿಗೆ ಮಾತ್ರ. ಭಾರತೀಯ ಮಾನಕದಲ್ಲಿ 200ರ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ಅಂದರೆ ನಮ್ಮದು ಕುಡಿದರೆ ತೊಂದರೆ ಇಲ್ಲ, ಗೀಸರ್, ವಾಷಿಂಗ್ ಮೆಷಿನ್‌ಗೆ ಮಾತ್ರ ಕಾಟ. 25 ಲೀಟರ್ ರೆಸಿನ್ ಇರುವುದು ಹಾಕಿಸಿದ್ದೇನೆ. ದಿನಕ್ಕೆ 600 ಲೀಟರ್ ಬಳಸಿದರೆ ಹೆಚ್ಚುಕಮ್ಮಿ ಐದಾರು ದಿನಕ್ಕೊಮ್ಮೆ ಉಪ್ಪಲ್ಲಿ ತೊಳೆಯಬೇಕು, ಪ್ರತಿ ಸಲ ಮೂರೂವರೆಯಿಂದ ನಾಲ್ಕು ಕಿಲೋ ಕಲ್ಲುಪ್ಪು. ಅಡುಗೆಮನೆ ನಲ್ಲಿಗೆ ಮತ್ತು ಗಿಡದ ನಲ್ಲಿಗೆ ನೇರ ನೀರು ಬಿಡಿಸಿದ್ದೇನೆ. ಅಪ್ಪನಿಗೆ ಬಿಪಿ ಇದೆ, ಸಾಫ್ಟ್‌ನರ್ ನೀರಲ್ಲಿ ಸೋಡಿಯಂ ಏರುತ್ತದೆ. ತೊಳೆದ ಉಪ್ಪುನೀರು ಮೆಣಸಿನ ಬಳ್ಳಿ ಬುಡಕ್ಕೆ ಹೋಗದ ಹಾಗೆ ಪೈಪ್ ತಿರುಗಿಸುವುದು ಮರೆಯಬೇಡಿ.

ಹೋಂಸ್ಟೇ ಅಕ್ಕ, ಭಾಗಮಂಡಲ ರಸ್ತೆ

ನಮಗೆ ಬೆಟ್ಟದ ಒರತೆ ನೀರು, ಪೈಪಲ್ಲಿ ತಾನೇ ಇಳಿದು ಬರುತ್ತದೆ. ರುಚಿ ಕೇಳಲೇಬೇಡಿ, ಅಷ್ಟು ಚೆನ್ನ. ಆದರೆ ಜುಲೈನಲ್ಲಿ ಕಲಕಿದ ಕೆಂಪು ನೀರು. ಬೆಳಕಿನಿಂದ ಕ್ರಿಮಿ ಕೊಲ್ಲುವ ಯುವಿ ಫಿಲ್ಟರ್ ಇದೆ, ನೀರು ಕದಡಿದ್ದರೆ ಬೆಳಕು ಒಳಗೆ ಹೋಗುವುದೇ ಇಲ್ಲವಂತೆ. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಹಾಗಾಗಿ ಮರಳಿನ ಫಿಲ್ಟರ್ ದಾಟಿಸಿ, ಒಲೆ ಮೇಲೆ ದೊಡ್ಡ ಹಂಡೆಯಲ್ಲಿ ಕುದಿಸುವುದೇ. ಗೆಸ್ಟ್‌ಗಳು ಆರ್‌ಒ ಇದೆಯಾ ಅಂತ ಕೇಳುತ್ತಾರೆ. ಇಲ್ಲ, ಒರತೆ ನೀರು ಕುದಿಸಿದ್ದು ಅಂದರೆ ಫೋಟೋ ತೆಗೆದುಕೊಂಡು ಹೋಗುತ್ತಾರೆ!

ತೋಟದಮನೆ

ರಿಪೋರ್ಟ್ ಬಂತು. ಬೋರ್: ಪಿಎಚ್ 6.1, ಗಡಸುತನ 64, ಕಬ್ಬಿಣ 2.6, ಟಿಡಿಎಸ್ 118, ಇ-ಕೋಲೈ ಇಲ್ಲ. ಬಾವಿ: ಪಿಎಚ್ 6.6, ಕಬ್ಬಿಣ 0.1, ಇ-ಕೋಲೈ ಇದೆ. ಟೀ ಕೂಡ ಮಾಡಿ ನೋಡಿದೆ, ಡಾಂಬರು! ಪೊರೆ ಚೂರು ಚೂರಾಯಿತು. ಈಗ ಏನು ಮಾಡಲಿ?

ಪಂಪ್‌ಶೆಡ್, ಸಿದ್ದಾಪುರ

64ಕ್ಕೆ ಸಾಫ್ಟ್‌ನರ್ ಬೇಡವೇ ಬೇಡ. 118 ಟಿಡಿಎಸ್‌ಗೆ ಆರ್‌ಒ ಕೂಡ ಬೇಡ. 500ಕ್ಕಿಂತ ಕಮ್ಮಿ ಇರುವ ಕಡೆ ಆರ್‌ಒ ನಿಲ್ಲಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಇರುವ ಚೂರು ಲವಣವನ್ನೂ ತೆಗೆದು, ಬೇಸಿಗೆಯಲ್ಲಿ ಅರ್ಧಕ್ಕೂ ಹೆಚ್ಚು ನೀರು ಚರಂಡಿಗೆ ಬಿಡುವುದು ಯಾಕೆ?

ನಿಮ್ಮ ನೀರು ಹುಳಿ. ಪಿಎಚ್‌ಗೆ ಮಾನಕ 6.5ರಿಂದ 8.5. ಹುಳಿ ನೀರಲ್ಲಿ ಕರಗಿದ ಕಬ್ಬಿಣ ಬೇಗ ತುಕ್ಕಾಗಿ ಕೂರುವುದಿಲ್ಲ, ಹಾಗಾಗಿ ಬರೀ ಫಿಲ್ಟರ್ ಇಟ್ಟರೆ ಕಬ್ಬಿಣ ಕರಗಿದ ರೂಪದಲ್ಲೇ ದಾಟಿ ಹೋಗುತ್ತದೆ. ಕೊಡಗಿನಲ್ಲಿ ಜನ ಸೋಲುವುದು ಇಲ್ಲೇ. ಬೋರ್ ನೀರನ್ನು ಮೊದಲು ಒಂದು ಕೆಳಗಿನ ಟ್ಯಾಂಕ್‌ಗೆ ಶವರ್‌ನಂತೆ ಚಿಮುಕಿಸಿ ಬಿಡಿ. ಗಾಳಿ ತಾಗುತ್ತದೆ, ಇಂಗಾಲದ ಅನಿಲ ಹೋಗಿ ಹುಳಿಯೂ ಸ್ವಲ್ಪ ಇಳಿಯುತ್ತದೆ. ಮುಂದೆ ಕ್ಯಾಲ್ಸೈಟ್ (ಸುಣ್ಣಕಲ್ಲಿನ ಹರಳು) ತುಂಬಿದ ವೆಸೆಲ್, ಅಂದರೆ ಫಿಲ್ಟರ್ ಕೊಳವೆ. ಕಾಫಿ ಮಣ್ಣಿನ ಹುಳಿಗೆ ಸುಣ್ಣ ಹಾಕುತ್ತೇವಲ್ಲ, ಅದೇ ಲೆಕ್ಕ. ಅದು ಕರಗುತ್ತಾ ಹೋಗುತ್ತದೆ, ಆಗಾಗ ತುಂಬಬೇಕು. ಗಡಸು ಒಂದಿಷ್ಟು ಏರುತ್ತದೆ, 64 ಇರುವವರಿಗೆ ಅದು ಲೆಕ್ಕಕ್ಕಿಲ್ಲ. ಕೊನೆಗೆ ಮ್ಯಾಂಗನೀಸ್ ಡೈಆಕ್ಸೈಡ್ ಹರಳು ತುಂಬಿದ, ಕಬ್ಬಿಣ ತೆಗೆಯುವ ಫಿಲ್ಟರ್. ಅಲ್ಲಿಂದ ಮೇಲಿನ ಟ್ಯಾಂಕ್‌ಗೆ.

ಈ ವೆಸೆಲ್‌ಗಳನ್ನು ಆಗಾಗ ನೀರನ್ನು ಉಲ್ಟಾ ಹರಿಸಿ ತೊಳೆಯಬೇಕು, ಅದಕ್ಕೆ ನೀರಿನ ರಭಸ ಬೇಕು. ಹತ್ತಿಂಚಿನ ವೆಸೆಲ್‌ಗೆ ನಿಮಿಷಕ್ಕೆ 20 ಲೀಟರ್ ಆದರೂ ಬೇಕು. ಹತ್ತಡಿ ಎತ್ತರದ ಟ್ಯಾಂಕ್ ಕೊಡುವ ಒತ್ತಡ 0.3 ಬಾರ್ ಅಷ್ಟೇ, ಅದನ್ನು ನಂಬಿ ಕೂರಬೇಡಿ. ಕೆಳಗಿನ ಟ್ಯಾಂಕ್‌ಗೆ ಒಂದು ಪಂಪ್ ಇಡಿ. ಈ ಪಂಪ್ ಲೆಕ್ಕ ಕೊಟೇಶನ್‌ನಲ್ಲಿ ಇದೆಯಾ ನೋಡಿಕೊಳ್ಳಿ, ಬೇಕಂತಲೇ ಬಿಟ್ಟಿರುತ್ತಾರೆ. ಮನೆಯೊಳಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇದ್ದರೆ ಅದೂ ಹುಳಿ ನೀರಿಗೆ ಕೊರೆದಿರುತ್ತದೆ.

ಕುಡಿಯೋಕೆ ನಾನಾಗಿದ್ದರೆ ಬಾವಿ ನೀರನ್ನೇ ಇಟ್ಟುಕೊಳ್ಳುತ್ತಿದ್ದೆ, ಕುದಿಸಿ. ಶೌಚದ ಗುಂಡಿ ಎಷ್ಟು ದೂರ, ಮೇಲಿದೆಯೋ ಕೆಳಗಿದೆಯೋ ನೋಡಿ. ಬಾವಿ ಕಟ್ಟೆ ಎತ್ತರಿಸಿ, ಸುತ್ತ ಸಿಮೆಂಟ್ ಹಾಕಿಸಿ. ಬ್ಲೀಚಿಂಗ್ ಪುಡಿ ಸಾವಿರ ಲೀಟರ್‌ಗೆ ಎರಡೂವರೆ ಗ್ರಾಂ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅಂದರೆ 24 ಗ್ರಾಂ ಸಾಕು. ಪುಡಿ ಹಳೆಯದಾಗಿದ್ದರೆ ಬಲ ಇರುವುದಿಲ್ಲ. ಬಕೆಟಲ್ಲಿ ಕಲಕಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಬಾವಿಗೆ. ಒಂದು ಗಂಟೆ ಮುಟ್ಟಬೇಡಿ.

ತೋಟದಮನೆ

ಜಿಐ ಪೈಪೇ ಇರುವುದು, ಅಜ್ಜನ ಕಾಲದ್ದು. ಅದಕ್ಕೂ ಕೈ ಹಾಕಬೇಕಾ? ಮತ್ತೆ ಫಿಲ್ಟರ್ ತೊಳೆದ ಕೆಂಪು ನೀರು ಎಲ್ಲಿ ಬಿಡುವುದು?

ಪಂಪ್‌ಶೆಡ್, ಸಿದ್ದಾಪುರ

ಪೈಪ್ ಬದಲಾಯಿಸಿ, ಸಿಪಿವಿಸಿ (ಪ್ಲಾಸ್ಟಿಕ್) ಪೈಪ್ ಹಾಕಿ. ಇಲ್ಲದಿದ್ದರೆ ಫಿಲ್ಟರ್ ದಾಟಿದ ನೀರಿಗೆ ಪೈಪ್ ತುಕ್ಕು ಸೇರುತ್ತದೆ, ನೀವು ಫಿಲ್ಟರ್ ಅನ್ನು ಬೈಯುತ್ತೀರಿ. ಕೆಂಪು ನೀರಲ್ಲಿ ಉಪ್ಪಿಲ್ಲ, ಬರೀ ತುಕ್ಕು. ಒಂದು ಇಂಗುಗುಂಡಿ ತೆಗೆದು ಬಿಡಿ, ಬಾವಿಯಿಂದ ದೂರ, ಇಳಿಜಾರಿನ ಕೆಳಗೆ. ಕೊಟೇಶನ್ ಬಂದಾಗ ಇಲ್ಲಿ ಹಾಕಿ, ವೆಸೆಲ್ ಸೈಜ್ ನೋಡಿ ಹೇಳುತ್ತೇನೆ.